ಪೆನ್ನಿನ ತುದಿಯಿಂದ ಸಾವಿರ ಫ್ರೇಮಿನ ಕ್ಯಾಮರಾದವರೆಗೆ: ಕಣ್ಣಿನ ಚಲನೆ ನೋಡುವ ದಾರಿಗಳಲ್ಲಿ ಯಾವುದು ಯಾರಿಗೆ?

ನನ್ನ ದೊಡ್ಡಪ್ಪ ಒಂದೇ ವರ್ಷದಲ್ಲಿ ನಾಲ್ಕು ಸಲ ಬಿದ್ದರು. ನಾಲ್ಕೂ ಸಲ ಹಿಂದಕ್ಕೆ. ಒಮ್ಮೆ ಅಡಿಕೆ ಹರಡಿದ್ದ ಅಂಗಳದಲ್ಲಿ, ಒಮ್ಮೆ ಜಗಲಿಯ ಮೆಟ್ಟಿಲಲ್ಲಿ. ಊಟಕ್ಕೆ ಕೂತರೆ ಅನ್ನ ಬಟ್ಟಲಿನ ಹೊರಗೆ ಬೀಳುತ್ತಿತ್ತು. "ಎಷ್ಟು ಹೇಳಿದರೂ ಇವರು ಕೆಳಗೆ ನೋಡಿ ನಡೆಯುವುದಿಲ್ಲ" ಎಂದು ದೊಡ್ಡಮ್ಮನಿಗೆ ಬೇಸರ. ಮೊದಲು ತೋರಿಸಿದ ಕಡೆ ಪಾರ್ಕಿನ್ಸನ್ ಎಂದು ಮಾತ್ರೆ ಶುರು ಮಾಡಿದರು. ಎಂಟು ತಿಂಗಳು ತಿಂದರೂ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ನಾನು ಕಾಸರಗೋಡಿನಲ್ಲಿ ಕಣ್ಣು ಪರೀಕ್ಷೆಯ ಕೆಲಸ ಮಾಡುವವಳು. ದೊಡ್ಡಪ್ಪನಿಗೆ ಬೈಫೋಕಲ್ ಕನ್ನಡಕ ಕೊಟ್ಟದ್ದು ನಾನೇ. ಓದಲು ಆಗುವುದಿಲ್ಲ ಎಂದು ಎರಡು ಸಲ ವಾಪಸ್ ತಂದರು. ಎರಡು ಸಲವೂ ನಂಬರ್ ನೋಡಿದೆ, ಪೊರೆ ಇದೆಯಾ ಎಂದು ನೋಡಿದೆ. ಬೈಫೋಕಲ್‌ನಲ್ಲಿ ಓದುವ ಗಾಜು ಕೆಳಗಿರುತ್ತದೆ. ಅದರೊಳಗೆ ನೋಡಲು ಕಣ್ಣು ಕೆಳಗೆ ಇಳಿಯಬೇಕು. ಅದು ಇಳಿಯುತ್ತದೆಯೇ ಎಂದು ಮಾತ್ರ ನಾನು ನೋಡಲಿಲ್ಲ.

ನೋಡಿದ್ದು ಮಂಗಳೂರಿನ ಒಬ್ಬ ನರರೋಗ ತಜ್ಞೆ. ಜೇಬಿನಿಂದ ಪೆನ್ನು ತೆಗೆದರು. "ಅಜ್ಜ, ತಲೆ ಆಡಿಸಬೇಡಿ. ಕಣ್ಣು ಮಾತ್ರ ಬರಲಿ" ಎಂದರು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಕೆಳಗೆ ಹಿಡಿದಾಗ ಕಣ್ಣು ಅಲ್ಲೇ ನಿಂತಿತು. ದೊಡ್ಡಪ್ಪ ಹುಬ್ಬು ಗಂಟು ಹಾಕಿ ಪ್ರಯತ್ನಿಸುತ್ತಿದ್ದರು, ಆದರೂ ಇಳಿಯಲಿಲ್ಲ. ಆಮೇಲೆ ಡಾಕ್ಟರು ಪೆನ್ನನ್ನು ಎದುರಿಗೆ ಹಿಡಿಯಲು ನನ್ನ ಕೈಗೆ ಕೊಟ್ಟರು. ದೊಡ್ಡಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗಲ್ಲ ಮೇಲಕ್ಕೆ ಬರುವ ಹಾಗೆ ಮೆಲ್ಲ ಬಾಗಿಸಿದರು. ಪೆನ್ನಿನ ಮೇಲೆ ನೆಟ್ಟಿದ್ದ ಕಣ್ಣು ಆಗ ತಾನಾಗಿ ಕೆಳಗೆ ಜಾರಿತು.

ಅಂದರೆ ಕಣ್ಣಿನ ಸ್ನಾಯು ಸರಿ ಇದೆ, ಅದಕ್ಕೆ ಹೋಗುವ ನರವೂ ಸರಿ ಇದೆ. 'ಕೆಳಗೆ ನೋಡು' ಎಂಬ ಆಜ್ಞೆ ಮಿದುಳಿನೊಳಗೆ ಮೇಲಿನಿಂದ ಬರುತ್ತಿಲ್ಲ. ಕಾಯಿಲೆಯ ಹೆಸರು ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಚಿಕ್ಕದಾಗಿ ಪಿಎಸ್‌ಪಿ. 1964ರಲ್ಲಿ ಸ್ಟೀಲ್, ರಿಚರ್ಡ್‌ಸನ್, ಒಲ್ಶೆವ್‌ಸ್ಕಿ ಎಂಬ ಮೂವರು ಇದನ್ನು ವಿವರವಾಗಿ ಬರೆದರು. ಇದನ್ನು ಗುಣಪಡಿಸುವ ಔಷಧ ಇವತ್ತಿಗೂ ಇಲ್ಲ. ಆದರೂ ಆ ದಿನ ಬಸ್ಸಿನಲ್ಲಿ ಬರುವಾಗ ದೊಡ್ಡಮ್ಮ ದೊಡ್ಡಪ್ಪನ ಕೈ ಬಿಡಲಿಲ್ಲ. ಇಷ್ಟು ದಿನ ಹಟ ಅಂದುಕೊಂಡದ್ದು ಹಟ ಆಗಿರಲಿಲ್ಲ.

ಅವತ್ತಿನಿಂದ ಈ ವಿಷಯ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ, ತಿಳಿದವರನ್ನು ಕೇಳುತ್ತಿದ್ದೇನೆ. ಈಗ ಜನ ನನ್ನನ್ನೇ ಕೇಳುತ್ತಾರೆ. ತಲೆ ತಿರುಗುವುದಕ್ಕೆ ಗಾಗಲ್ ಹಾಕಿ ಟೆಸ್ಟ್ ಮಾಡ್ತಾರಂತೆ, ಮಾಡಿಸಬೇಕಾ? ಮೊಬೈಲ್‌ನಲ್ಲೇ ಮರೆವಿನ ಕಾಯಿಲೆ ಗೊತ್ತಾಗ್ತದಂತೆ, ಹೌದಾ? ಕಾಲೇಜಿನ ಮಕ್ಕಳು, ಪ್ರಾಜೆಕ್ಟ್‌ಗೆ ಯಾವ ಯಂತ್ರ ಬೇಕು ಅನ್ನುತ್ತಾರೆ. ಒಬ್ಬೊಬ್ಬರಿಗೂ ಬೇರೆ ಉತ್ತರ. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಕಣ್ಣಿನಲ್ಲಿ ಮಿದುಳು ಕಾಣುವುದು ಹೇಗೆ

ಈ ಸಾಲು ಓದುವಾಗ ನಿಮ್ಮ ಕಣ್ಣು ನುಣ್ಣಗೆ ಜಾರುತ್ತಿಲ್ಲ, ಕಪ್ಪೆಯ ಹಾಗೆ ಜಿಗಿಯುತ್ತಿದೆ. ನಿಲ್ಲುತ್ತದೆ, ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಸೆಕೆಂಡಿಗೆ ಸುಮಾರು 3 ಸಲ. ಈ ಜಿಗಿತಕ್ಕೆ ಸೆಕೇಡ್ ಎಂದು ಹೆಸರು. ದೊಡ್ಡ ಜಿಗಿತದಲ್ಲಿ ಕಣ್ಣಿನ ವೇಗ ಸೆಕೆಂಡಿಗೆ 500 ಡಿಗ್ರಿ ದಾಟುತ್ತದೆ. ಅಷ್ಟು ವೇಗದಲ್ಲಿ ಹೋಗಿ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಮಿದುಳಿನ ಹಲವು ಭಾಗಗಳು ಒಟ್ಟಿಗೆ ಕೆಲಸ ಮಾಡಬೇಕು.

ಮೇಲೆ ಕೆಳಗೆ ಜಿಗಿಸುವ ನರಕೋಶಗಳು ನಡುಮಿದುಳಿನಲ್ಲಿವೆ. ಎಡಕ್ಕೆ ಬಲಕ್ಕೆ ಜಿಗಿಸುವವು ಅದರ ಕೆಳಗಿನ ಪಾನ್ಸ್ ಎಂಬ ಭಾಗದಲ್ಲಿ. ಜಿಗಿತದ ಅಳತೆ ತಿದ್ದುವುದು ಕಿರುಮಿದುಳು. 'ಈಗ ನೋಡಬೇಡ, ತಡೆ' ಎನ್ನುವುದು ಹಣೆಯ ಹಿಂದಿನ ಭಾಗ. ಆದ್ದರಿಂದ ಜಿಗಿತ ನಿಧಾನವಾದರೆ ಒಂದು ಜಾಗದ ಮೇಲೆ ಸಂಶಯ, ಗುರಿ ತಪ್ಪಿದರೆ ಇನ್ನೊಂದರ ಮೇಲೆ, ತಡೆಯಲಾಗದಿದ್ದರೆ ಮತ್ತೊಂದರ ಮೇಲೆ. ಪಾರ್ಕಿನ್ಸನ್‌ನಲ್ಲಿ ಜಿಗಿತದ ವೇಗ ಹೆಚ್ಚುಕಮ್ಮಿ ಸರಿಯೇ ಇರುತ್ತದೆ, ಆದರೆ ಅಳತೆ ಕಡಿಮೆ. ಒಂದೇ ನೆಗೆತದಲ್ಲಿ ಮುಟ್ಟಬೇಕಾದ ಜಾಗವನ್ನು ಎರಡು ಮೂರು ಸಣ್ಣ ಹೆಜ್ಜೆಯಲ್ಲಿ ಮುಟ್ಟುತ್ತದೆ. ಪಿಎಸ್‌ಪಿಯಲ್ಲಿ ಮೇಲೆ ಕೆಳಗಿನ ಜಿಗಿತದ ವೇಗವೇ ಕುಸಿಯುತ್ತದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಕಾಯಿಲೆಗಳು ಕಣ್ಣಿನಲ್ಲಿ ಬೇರೆಯಾಗುವುದು ಹೀಗೆ.

ನಮ್ಮ ಕಡೆಗೆ ಇದು ಇನ್ನೂ ಒಂದು ಕಾರಣಕ್ಕೆ ಮುಖ್ಯ. ಕಾಸರಗೋಡಿನಲ್ಲಿ ರೋಗಿಗೆ ಬರುವುದು ಕನ್ನಡ ಅಥವಾ ತುಳು, ಡಾಕ್ಟರಿಗೆ ಬರುವುದು ಮಲಯಾಳ, ಚೀಟಿ ಇಂಗ್ಲಿಷಿನಲ್ಲಿ. 'ತಲೆ ತಿರುಗುತ್ತದೆ' ಎಂದು ನಾವು ಎಷ್ಟಕ್ಕೆಲ್ಲ ಹೇಳುತ್ತೇವೆ! ಕೋಣೆ ಗಿರಗಿರ ಸುತ್ತಿದರೂ ಅದೇ, ಹಸಿವಿನಿಂದ ಕಣ್ಣು ಕತ್ತಲೆ ಬಂದರೂ ಅದೇ, ನಡೆಯುವಾಗ ತೂರಾಡಿದರೂ ಅದೇ. ಮಾತು ಗೋಜಲಾದಾಗಲೂ ಕಣ್ಣು ತನ್ನಷ್ಟಕ್ಕೆ ಸರಿಯಾದ ಸುದ್ದಿ ಕೊಡುತ್ತಿರುತ್ತದೆ. ಹಾಗಾಗಿ ಯಾವ ಪರೀಕ್ಷೆಗೆ ಭಾಷೆ ಬೇಕು, ಯಾವುದಕ್ಕೆ ಬೇಡ ಎನ್ನುವುದನ್ನೂ ಇಲ್ಲಿ ಸೇರಿಸಿದ್ದೇನೆ.

ಬರಿಗಣ್ಣು ಮತ್ತು ಒಂದು ಪೆನ್ನು

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇದೇ. ಖರ್ಚಿಲ್ಲ, ಹತ್ತು ನಿಮಿಷ ಸಾಕು. ಎರಡು ಬೆರಳು ದೂರ ದೂರ ಹಿಡಿದು ಒಂದರಿಂದ ಇನ್ನೊಂದಕ್ಕೆ ನೋಡಿಸಿದರೆ ಜಿಗಿತ ಕಾಣುತ್ತದೆ. ಬೆರಳನ್ನು ನಿಧಾನ ಸರಿಸಿದರೆ ಕಣ್ಣು ಹಿಂಬಾಲಿಸುವುದು ಕಾಣುತ್ತದೆ. ದರ್ಜಿಯ ಅಳತೆ ಟೇಪನ್ನು ಕಣ್ಣೆದುರು ಮೇಲಿನಿಂದ ಕೆಳಕ್ಕೆ ಎಳೆದರೆ ಕಣ್ಣು ಗೆರೆಗಳನ್ನು ಹಿಡಿದು ಇಳಿಯುತ್ತದೆ, ಟಕ್ಕನೆ ಮೇಲೆ ಹಾರುತ್ತದೆ, ಮತ್ತೆ ಇಳಿಯುತ್ತದೆ. ಹಾರುವುದು ಮೆತ್ತಗಾಗಿದ್ದರೆ ನುರಿತವರಿಗೆ ಅಲ್ಲೇ ಗೊತ್ತಾಗುತ್ತದೆ. ಟೇಪಿನ ಪರೀಕ್ಷೆಗೆ ಮಾತೇ ಬೇಡ.

ಹೀಗೆ ಕಣ್ಣಿನ ನಿಧಾನ ಚಲನೆಯನ್ನು ಗಮನಿಸಿ ದೊಡ್ಡ ಕೆಲಸ ಮಾಡಿದವರು ನಮ್ಮ ದೇಶದಲ್ಲೇ ಇದ್ದಾರೆ. ಮುಂಬೈಯ ನರರೋಗ ತಜ್ಞ ನೋಶಿರ್ ವಾಡಿಯಾ 1971ರಲ್ಲಿ ಸಹೋದ್ಯೋಗಿ ಸ್ವಾಮಿ ಅವರ ಜೊತೆ 9 ಕುಟುಂಬಗಳ ಬಗ್ಗೆ ಬರೆದರು. ವಂಶದಲ್ಲಿ ಬರುವ ಕಾಯಿಲೆ, ನಡಿಗೆ ತೂರಾಡುತ್ತದೆ, ಮತ್ತು ಕಣ್ಣಿನ ಜಿಗಿತ ತೀರಾ ನಿಧಾನ. ತೂರಾಟ ತರುವ ಬೇರೆ ಕಾಯಿಲೆಗಳಿಂದ ಇದನ್ನು ಬೇರೆ ಮಾಡಿ ತೋರಿಸಿದ್ದು ಆ ನಿಧಾನ ಕಣ್ಣು. ಇವತ್ತು ಅಂಥವರಲ್ಲಿ ಜೀನ್ ಪರೀಕ್ಷೆ ಮಾಡಿ ಎಸ್‌ಸಿಎ 2 ಎಂದು ಗುರುತಿಸುತ್ತಾರೆ.

ಈ ದಾರಿಗೆ ಕೊರತೆ ಇಲ್ಲವೇ? ಇದೆ. ನೋಡುವವರ ಕಣ್ಣು ಪಳಗಿರಬೇಕು. ಕಾಯಿಲೆಯ ಶುರುವಿನಲ್ಲಿ ವೇಗ ಸ್ವಲ್ಪವೇ ಇಳಿದಿದ್ದರೆ ಬರಿಗಣ್ಣಿಗೆ ಸಿಗುವುದಿಲ್ಲ. ಕಳೆದ ವರ್ಷಕ್ಕಿಂತ ಈ ವರ್ಷ ಎಷ್ಟು ಇಳಿಯಿತು ಎಂದು ಅಂಕಿಯಲ್ಲಿ ಹೇಳಲೂ ಆಗುವುದಿಲ್ಲ.

ಹಠಾತ್ತನೆ ತಲೆ ತಿರುಗಿದಾಗ: ಕಣ್ಣೋ ಸ್ಕ್ಯಾನೋ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಬ್ಬರಿಗೆ ಬೆಳಿಗ್ಗೆಯಿಂದ ಬಿಡದೆ ತಲೆ ಸುತ್ತು, ವಾಂತಿ, ನಿಲ್ಲಲು ಆಗುವುದಿಲ್ಲ, ಕಣ್ಣು ತಾನಾಗಿ ಅದುರುತ್ತಿದೆ. ಕಾರಣ ಒಳಕಿವಿಯ ನರದ ಊತ ಇರಬಹುದು, ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಅಥವಾ ಮಿದುಳಿನ ಹಿಂಭಾಗದಲ್ಲಿ ಸ್ಟ್ರೋಕ್ ಆಗಿರಬಹುದು. ಮನೆಯವರು ಕೂಡಲೇ ಕೇಳುವುದು ಸಿಟಿ ಸ್ಕ್ಯಾನ್. ಆದರೆ ಮಿದುಳಿನ ಹಿಂಭಾಗದ ಹೊಸ ಸ್ಟ್ರೋಕನ್ನು ಸಿಟಿ ಸ್ಕ್ಯಾನ್ ಸುಲಭವಾಗಿ ಬಿಟ್ಟುಬಿಡುತ್ತದೆ. ಎಂಆರ್‌ಐ ಕೂಡ ಮೊದಲ ಒಂದೆರಡು ದಿನ ಕೆಲವೊಮ್ಮೆ ಸರಿ ಇದೆ ಎಂದೇ ತೋರಿಸುವುದುಂಟು.

2009ರಲ್ಲಿ ಅಮೆರಿಕದ ಕಟ್ಟಾ, ನ್ಯೂಮನ್-ಟೋಕರ್ ಮತ್ತು ಸಂಗಡಿಗರು ಇಂಥ 101 ರೋಗಿಗಳ ಅಧ್ಯಯನ ಪ್ರಕಟಿಸಿದರು. ಹಾಸಿಗೆಯ ಪಕ್ಕದಲ್ಲೇ ಮಾಡುವ ಮೂರು ಕಣ್ಣಿನ ಪರೀಕ್ಷೆಗಳು ಸ್ಟ್ರೋಕನ್ನು ಆರಂಭದ ಎಂಆರ್‌ಐಗಿಂತ ಚೆನ್ನಾಗಿ ಹಿಡಿದವು. ಆ ಮೂರಕ್ಕೆ ಒಟ್ಟಾಗಿ ಹಿಂಟ್ಸ್ ಎನ್ನುತ್ತಾರೆ. ಒಂದು, ತಲೆಯನ್ನು ಸ್ವಲ್ಪವೇ ಆದರೆ ಫಕ್ಕನೆ ತಿರುಗಿಸಿ ಕಣ್ಣು ಗುರಿಯಲ್ಲಿ ನಿಲ್ಲುತ್ತದೆಯೇ ನೋಡುವುದು. ಎರಡು, ಕಣ್ಣಿನ ಅದುರು ಎಡಕ್ಕೆ ನೋಡಿದಾಗ ಒಂದು ದಿಕ್ಕು, ಬಲಕ್ಕೆ ನೋಡಿದಾಗ ಇನ್ನೊಂದು ದಿಕ್ಕು ಹಿಡಿಯುತ್ತದೆಯೇ ಎಂಬುದು. ಮೂರು, ಒಂದೊಂದು ಕಣ್ಣನ್ನು ಮುಚ್ಚಿ ತೆರೆದಾಗ ಎರಡು ಕಣ್ಣು ಮೇಲು ಕೆಳಗಾಗುತ್ತವೆಯೇ ಎಂಬುದು.

ಮೊದಲನೆಯದರಲ್ಲಿ ಒಂದು ವಿಚಿತ್ರ ಇದೆ. ಕಣ್ಣು ಗುರಿ ತಪ್ಪಿ ಮತ್ತೆ ಜಿಗಿದು ಬಂದರೆ ತೊಂದರೆ ಹೆಚ್ಚಾಗಿ ಕಿವಿಯದ್ದು. ಇಷ್ಟೆಲ್ಲ ತಲೆ ಸುತ್ತುತ್ತಿದ್ದೂ ಕಣ್ಣು ಗುರಿಯಲ್ಲೇ ನಿಂತರೆ ಭಯಪಡಬೇಕು, ಏಕೆಂದರೆ ಕಿವಿ ಸರಿ ಇದೆ ಎಂದಾಯಿತು. ಇದು ಬಿಡದೆ ತಲೆ ಸುತ್ತುತ್ತಿರುವವರಿಗೆ ಮಾತ್ರ ಹೊಂದುವ ಲೆಕ್ಕ. ಸುತ್ತು ನಿಂತ ಮೇಲೆ ಮಾಡಿದರೆ ದಾರಿ ತಪ್ಪಿಸುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಅರ್ಧ ನಿಮಿಷ ಸುತ್ತಿ ನಿಲ್ಲುವವರಿಗೂ ಇದಲ್ಲ. ಅವರಿಗೆ ತಲೆ ತಿರುಗಿಸಿ ಫಕ್ಕನೆ ಮಲಗಿಸಿ ಕಣ್ಣು ನೋಡುವ, 1952ರಿಂದ ಇರುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಇದೆ, ಅವರ ತೊಂದರೆಗೆ ತಲೆಯನ್ನು ಕ್ರಮವಾಗಿ ತಿರುಗಿಸುವುದೇ ಮದ್ದು.

ಹಾಗಾದರೆ ಆಯ್ಕೆ ಯಾವುದು? ಮನೆಯಲ್ಲಿ ಕೂತು ಆಯ್ಕೆ ಮಾಡುವ ಹೊತ್ತೇ ಅಲ್ಲ ಅದು. ಯೂಟ್ಯೂಬ್ ನೋಡಿ ಅಪ್ಪನ ಕುತ್ತಿಗೆ ತಿರುಗಿಸಬೇಡಿ, ದಯವಿಟ್ಟು. ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಸ್ಟ್ರೋಕ್ ಶುರುವಾದಲ್ಲಿಂದ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್, ಮುಳ್ಳೇರಿಯಾ, ಪೆರ್ಲದ ಒಳಗಿನವರಿಗೆ ಮೊದಲು ಪೇಟೆ ಮುಟ್ಟುವುದೇ ಒಂದು ಪ್ರಯಾಣ. 2020ರ ಲಾಕ್‌ಡೌನ್‌ನಲ್ಲಿ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿ ನಮಗೆ ಎಷ್ಟು ಮುಖ್ಯ ಎಂದು ಎಲ್ಲರಿಗೂ ಗೊತ್ತಾಯಿತು. ಕೂಡಲೇ ಹೊರಡಿ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಸರಿ ಇದೆ ಎಂದು ಕಳಿಸಲು ಹೊರಟರೆ, "ಕಣ್ಣು ನೋಡಿದಿರಾ, ನರರೋಗ ತಜ್ಞರಿಗೆ ಒಮ್ಮೆ ತೋರಿಸಬಹುದಾ" ಎಂದು ವಿನಯದಿಂದಲೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಫೋನಿನ ವಿಡಿಯೋ

ಬಂದು ಹೋಗುವ ತಲೆ ಸುತ್ತಿಗೆ ಫೋನು ಬಹಳ ಉಪಕಾರಿ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಣ್ಣಿನ ಅದುರು ನಿಂತಿರುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ಸುತ್ತು ಬಂದ ಹೊತ್ತಿಗೇ ಪಕ್ಕದಲ್ಲಿದ್ದವರು ಅರ್ಧ ನಿಮಿಷ ಕಣ್ಣಿನ ವಿಡಿಯೋ ಮಾಡಿಟ್ಟರೆ ಅದು ಸಾಕ್ಷಿಯಾಗುತ್ತದೆ. ಫೋನನ್ನು ಕೈಯಲ್ಲಿ ತೂಗಾಡಿಸಬೇಡಿ, ಎಲ್ಲಾದರೂ ಊರಿ ಹಿಡಿಯಿರಿ. ಬೆಳಕು ಪಕ್ಕದಿಂದ ಬರಲಿ. ಎರಡೂ ಕಣ್ಣು ಕಾಣಲಿ. ಮೊದಲು ನೇರ, ಆಮೇಲೆ ಎಡ, ಬಲ.

ಆದರೆ ಇದೇ ಫೋನು ಅಥವಾ ಲ್ಯಾಪ್‌ಟಾಪ್ ಕ್ಯಾಮರಾ ಜಿಗಿತದ ವೇಗ ಅಳೆಯುತ್ತದೆ ಎಂದರೆ ಲೆಕ್ಕ ಹಾಕಿ ನೋಡಿ. ಕೈ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಷ್ಟು ದೂರ ಕಣ್ಣು ಜಿಗಿಯಲು ಬೇಕಾಗುವುದು 40ರಿಂದ 50 ಮಿಲಿಸೆಕೆಂಡ್. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮರಾದಲ್ಲಿ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡ್ ಅಂತರ. ಇಡೀ ಜಿಗಿತ ಒಂದೋ ಎರಡೋ ಚಿತ್ರದಲ್ಲಿ ಮುಗಿದುಹೋಯಿತು. ಅದರಿಂದ ವೇಗ ಹೇಗೆ ಹೇಳುವುದು? ಸ್ಲೋ ಮೋಷನ್‌ನಲ್ಲಿ 240 ಚಿತ್ರ ತೆಗೆಯುವ ಫೋನು ಇದ್ದರೆ ಸ್ವಲ್ಪ ವಾಸಿ. ಎಲ್ಲಿ ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂಬುದಕ್ಕೆ ಸಾದಾ ಕ್ಯಾಮರಾ ನಡೆಯುತ್ತದೆ, ಎಷ್ಟು ವೇಗದಲ್ಲಿ ಎಂಬುದಕ್ಕೆ ನಡೆಯುವುದಿಲ್ಲ. ಮರೆವಿನ ಕಾಯಿಲೆಯನ್ನು ಆ್ಯಪ್ ಹೇಳುತ್ತದೆ ಎಂದು ದುಡ್ಡು ಕೇಳಿದರೆ ಕೊಡಬೇಡಿ. ಆಲ್ಝೈಮರ್‌ನಲ್ಲಿ ಕಣ್ಣಿನ ಕೆಲವು ಪರೀಕ್ಷೆಗಳಲ್ಲಿ ತಪ್ಪು ಜಾಸ್ತಿಯಾಗುವುದು ನಿಜ. ಅದೇ ತಪ್ಪು ಬೇರೆ ಹತ್ತು ಕಾರಣಕ್ಕೂ ಆಗುತ್ತದೆ.

ಗಾಗಲ್ ಮತ್ತು ಎಲೆಕ್ಟ್ರೋಡ್

ಗಾಗಲ್ ಟೆಸ್ಟ್ ಎಂದು ಜನ ಹೇಳುವುದು ವಿಎನ್‌ಜಿ. ಕನ್ನಡಕದೊಳಗೆ ಇನ್‌ಫ್ರಾರೆಡ್ ಕ್ಯಾಮರಾ ಇರುತ್ತದೆ. ಕತ್ತಲೆಯಲ್ಲೂ ಕಣ್ಣು ಕಾಣುತ್ತದೆ, ಅದೇ ಇದರ ದೊಡ್ಡ ಲಾಭ. ಬೆಳಕಿನಲ್ಲಿ ಏನನ್ನಾದರೂ ದಿಟ್ಟಿಸಿದರೆ ಒಳಕಿವಿಯಿಂದ ಬರುವ ಅದುರು ಅಡಗುತ್ತದೆ, ಕತ್ತಲೆಯಲ್ಲಿ ಹೊರಬೀಳುತ್ತದೆ. ತಿಂಗಳುಗಟ್ಟಲೆ ಕಾಡುವ ತಲೆ ಸುತ್ತಿಗೆ, ಯಾವ ಕಿವಿ ಸೋತಿದೆ ಎಂದು ತಿಳಿಯಲಿಕ್ಕೆ ಇದು ಒಳ್ಳೆಯದು. ಹೋಗುವ ದಿನ ಕಾಡಿಗೆ ಹಚ್ಚಬೇಡಿ. ಕ್ಯಾಮರಾ ಹುಡುಕುವುದು ಕಪ್ಪು ಪಾಪೆಯನ್ನು, ಕಾಡಿಗೆಯೂ ಕಪ್ಪು. ಹೊಟ್ಟೆ ತುಂಬ ತಿಂದು ಹೋಗಬೇಡಿ, ಕಿವಿಗೆ ಬಿಸಿ ತಂಪು ಗಾಳಿ ಬಿಡುವಾಗ ತಲೆ ಸುತ್ತುತ್ತದೆ. ತಲೆ ಸುತ್ತಿನ ಮಾತ್ರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಡಾಕ್ಟರನ್ನೇ ಕೇಳಿ.

ಎಲೆಕ್ಟ್ರೋಡ್ ಅಂಟಿಸಿ ಮಾಡುವ ಇಒಜಿ ಹಳೆಯದು. ಕಣ್ಣಿನ ಮುಂಭಾಗಕ್ಕೂ ಹಿಂಭಾಗಕ್ಕೂ ಸಣ್ಣ ವಿದ್ಯುತ್ ವ್ಯತ್ಯಾಸ ಇರುವುದರಿಂದ ಕಣ್ಣು ತಿರುಗಿದಾಗ ಸಂಕೇತ ಬದಲಾಗುತ್ತದೆ. ಮೇಲೆ ಕೆಳಗಿನ ಚಲನೆಗೆ ರೆಪ್ಪೆ ಅಡ್ಡ ಬಂದು ಗೋಜಲಾಗುತ್ತದೆ, ಆದ್ದರಿಂದ ದೊಡ್ಡಪ್ಪನಂಥವರಿಗೆ ಅಷ್ಟು ಪ್ರಯೋಜನ ಇಲ್ಲ. ಕಣ್ಣು ಮುಚ್ಚಿದ್ದರೂ ನಡೆಯುತ್ತದೆ ಎನ್ನುವುದಕ್ಕೆ ನಿದ್ರೆಯ ಪರೀಕ್ಷೆಯಲ್ಲಿ ಈಗಲೂ ಇದೇ.

ಸಂಶೋಧನೆಯ ಯಂತ್ರಗಳು

ಮಿಲಿಸೆಕೆಂಡ್ ಲೆಕ್ಕ ಬೇಕಾದವರಿಗೆ ಸೆಕೆಂಡಿಗೆ 1000 ಚಿತ್ರ ತೆಗೆದು ಕಣ್ಣಿನ ಚಲನೆ ದಾಖಲಿಸುವ ಐ ಟ್ರ್ಯಾಕರ್ ಇದೆ. ಗಲ್ಲವನ್ನು ಸ್ಟ್ಯಾಂಡಿನಲ್ಲಿ ಇಟ್ಟು ಪರದೆ ನೋಡಬೇಕು. ಪಿಎಸ್‌ಪಿ ಮತ್ತು ಪಾರ್ಕಿನ್ಸನ್‌ನ ವ್ಯತ್ಯಾಸವನ್ನು ಬೇಗ ಅಂಕಿಯಲ್ಲಿ ಹಿಡಿಯಲು, ಹೊಸ ಔಷಧದಿಂದ ಇಳಿಕೆ ನಿಧಾನವಾಯಿತೇ ಎಂದು ತಿಳಿಯಲು ಇಂಥದ್ದು ಬೇಕು. ಇದಕ್ಕಿಂತಲೂ ನಿಖರ ಬೇಕೆಂದರೆ 1963ರಲ್ಲಿ ಡೇವಿಡ್ ರಾಬಿನ್ಸನ್ ರೂಪಿಸಿದ ಸರ್ಚ್ ಕಾಯಿಲ್. ತಂತಿಯ ಸಣ್ಣ ಉಂಗುರವನ್ನು ಕಣ್ಣಿನ ಮೇಲೆ ಕೂರಿಸಿ ಅಯಸ್ಕಾಂತ ಕ್ಷೇತ್ರದ ನಡುವೆ ಅಳೆಯುವುದು. ಕಣ್ಣಿಗೆ ಮರಗಟ್ಟುವ ಹನಿ ಹಾಕಬೇಕು, ಸುಮಾರು ಅರ್ಧ ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ರೋಗಿಯಾಗಿ ನೀವು ಇದನ್ನು ಆರಿಸುವ ಸಂದರ್ಭವೇ ಬರುವುದಿಲ್ಲ.

ಟ್ರ್ಯಾಕರ್‌ನಲ್ಲಿ ಮಾಡುವ ಒಂದು ಪರೀಕ್ಷೆಯ ಬಗ್ಗೆ ಹೇಳಲೇಬೇಕು. 1978ರಲ್ಲಿ ಹ್ಯಾಲೆಟ್ ಎಂಬವರು ವಿವರಿಸಿದ ಆಂಟಿಸೆಕೇಡ್. ಬಲಕ್ಕೆ ಚುಕ್ಕಿ ಮಿನುಗಿದರೆ ಎಡಕ್ಕೆ ನೋಡಬೇಕು. ಚುಕ್ಕಿಯ ಕಡೆಗೆ ಹಾರುವ ಕಣ್ಣನ್ನು ತಡೆಯಬೇಕು. ಆರೋಗ್ಯವಂತರೂ ಕೆಲವು ಸಲ ತಪ್ಪುತ್ತಾರೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರು, ಸ್ಕಿಝೋಫ್ರೇನಿಯಾ ಇರುವವರು ಜಾಸ್ತಿ ತಪ್ಪುತ್ತಾರೆ. ಇಲ್ಲಿ ಭಾಷೆ ಬೇಕೇ ಬೇಕು. ತುಳು ಮಾತಾಡುವ ಅಜ್ಜಿಗೆ ಇಂಗ್ಲಿಷ್ ಬೆರೆಸಿದ ಮಲಯಾಳದಲ್ಲಿ ಒಂದು ಸಲ ಹೇಳಿ ಪರೀಕ್ಷೆ ಶುರು ಮಾಡಿದರೆ, ಆಕೆ ತಪ್ಪಿದ್ದು ಮಿದುಳಿನಿಂದಲೋ ಮಾತು ತಿಳಿಯದೆಯೋ? ಈ ಪರೀಕ್ಷೆಗೆ ಹೋದರೆ ಮನೆಮಾತಿನಲ್ಲಿ ವಿವರಿಸಲು ಕೇಳಿ, ನಾಲ್ಕು ಸಲ ಅಭ್ಯಾಸ ಮಾಡಿಸಲು ಹೇಳಿ. ಮಕ್ಕಳ ಓದಿನ ಪರೀಕ್ಷೆಗೂ ಇದೇ ಮಾತು. ಇಂಗ್ಲಿಷ್ ಓದುವಾಗಿನ ಜಿಗಿತದ ಅಳತೆ ಇಟ್ಟುಕೊಂಡು, ಒತ್ತಕ್ಷರ ತುಂಬಿದ ಕನ್ನಡ ಓದುವ ಮಗುವಿಗೆ ದೋಷ ಇದೆ ಎನ್ನುವುದು ಸರಿಯಲ್ಲ.

ಕಾಲೇಜಿನವರಿಗೆ ನನ್ನ ಸಲಹೆ: ವೇಗ ಬಿಟ್ಟು ನೋಟದ ದಾರಿ ಹಿಡಿಯಿರಿ. ರಷ್ಯಾದ ವಿಜ್ಞಾನಿ ಯಾರ್‌ಬಸ್ ಒಂದೇ ಚಿತ್ರ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದಾಗ ಕಣ್ಣು ಬೇರೆ ಬೇರೆ ದಾರಿ ಹಿಡಿಯಿತು. ತೆಂಕುತಿಟ್ಟು ಯಕ್ಷಗಾನದ ಒಂದು ಪ್ರವೇಶದ ಫೋಟೋ ತೆಗೆದುಕೊಳ್ಳಿ. ವೇಷ ಯಾವುದು ಎಂದು ಕೇಳಿ, ಆಮೇಲೆ ಅವನಿಗೆ ಸಿಟ್ಟು ಬಂದಿದೆಯೇ ಎಂದು ಕೇಳಿ. ಒಮ್ಮೆ ಕಿರೀಟಕ್ಕೆ, ಒಮ್ಮೆ ಕಣ್ಣು ಹುಬ್ಬಿಗೆ ನೋಟ ಹೋಗುತ್ತದೆಯೇ ನೋಡಿ. ಇದಕ್ಕೆ ಸೆಕೆಂಡಿಗೆ 60 ಚಿತ್ರದ ಟ್ರ್ಯಾಕರ್ ಸಾಕು.

ಮಾತು ಬಾರದ, ತಲೆ ನಿಲ್ಲದ ಮಕ್ಕಳಿಗೆ ಗಲ್ಲ ಇಡುವ ಯಂತ್ರ ಬೇಡ. ಪರದೆಯ ಕೆಳಗೆ ಕೂರಿಸುವ, ತಲೆ ಆಡಿದರೂ ನಡೆಯುವ ಟ್ರ್ಯಾಕರ್ ಬೇಕು. ಎಂಡೋಸಲ್ಫಾನ್ ಸಂತ್ರಸ್ತರ ಊರುಗಳಲ್ಲಿ ಇಂಥ ಮಕ್ಕಳ ಅಮ್ಮಂದಿರು ನನ್ನನ್ನು ಕೇಳಿದ್ದಾರೆ. ಕಾಯಿಲೆಗೆ ಕಾರಣ ಏನೆಂದು ಈ ಯಂತ್ರ ಹೇಳುವುದಿಲ್ಲ. ಆದರೆ ಮಗು ನೀರಿನ ಚಿತ್ರವನ್ನು ದಿಟ್ಟಿಸಿದರೆ ಯಂತ್ರವೇ 'ನೀರು' ಎಂದು ಹೇಳುವ ಹಾಗೆ ಮಾಡಲು ಇದರಿಂದ ಸಾಧ್ಯ. ನನ್ನ ಮಟ್ಟಿಗೆ ಅದು ಯಾವ ಅಂಕಿಗಿಂತಲೂ ದೊಡ್ಡದು. ಕೊಳ್ಳುವ ಮೊದಲು ರಟ್ಟಿನ ಎರಡು ಚಿತ್ರ ಹಿಡಿದು, ಮಗು ಬೇಕಾದ ಕಡೆಗೆ ಕಣ್ಣು ಸರಿಸುತ್ತದೆಯೇ ನೋಡಿ. ಸರಿಸಿದರೆ ಆ ರಟ್ಟಿನಿಂದಲೇ ಶುರು ಮಾಡಬಹುದು.

ದೊಡ್ಡಪ್ಪನಿಗೆ ನಾವು ಯಂತ್ರದ ಪರೀಕ್ಷೆ ಮಾಡಿಸಲಿಲ್ಲ. ಪೆನ್ನು ಹೇಳಿದ್ದು ಸಾಕಿತ್ತು. ಬೈಫೋಕಲ್ ತೆಗೆದು ಓದಲಿಕ್ಕೇ ಬೇರೆ ಕನ್ನಡಕ ಮಾಡಿಸಿದೆ, ಪೇಪರನ್ನು ಎದೆಯ ಎತ್ತರಕ್ಕೆ ನಿಲ್ಲಿಸುವ ಹಲಗೆ ಇಟ್ಟೆವು. ಜಗಲಿಯ ಮೆಟ್ಟಿಲಿಗೆ ಹಿಡಿಕೆ ಬಂತು. ದೊಡ್ಡಮ್ಮ ಈಗ ಬಟ್ಟಲನ್ನು ಎತ್ತರದ ಮೇಜಿನ ಮೇಲೆ, ಅವರ ಕಣ್ಣಿನ ನೇರಕ್ಕೆ ಇಡುತ್ತಾರೆ.